ಜೊತೆಗೆ ಬಂದವರು

“ಕೈ ಮ್ಯಾಲೆತ್ತಿ ತಲೆ ಕೆಳಗೆ ಇಟ್ಕೊಳ್ರಿ,” ಅಂದರು ಡಾಕ್ಟರ್ ನಿಖತ್.

ಪ್ರೇಮಲತಾಳಿಗೆ ಆ ಹೊತ್ತಿನಲ್ಲೂ ನಗು ಬಂತು. ಹರಿಹರದ ತನ್ನ ಅಂಗಡಿಯಲ್ಲಿ, ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಇಪ್ಪತ್ತಾರು ವರ್ಷದಿಂದ ಊರ ಹೆಂಗಸರಿಗೆಲ್ಲ ಅವಳೇ ಹೇಳುತ್ತ ಬಂದ ಮಾತು ಅದು. ಕೈ ಎತ್ತಿ, ಉಸಿರು ಬಿಡಿ, ಸೆಟೆದು ನಿಲ್ಲಬೇಡಿ. ಇವತ್ತು ದಾವಣಗೆರೆಯ ಪಿ.ಜೆ. ಬಡಾವಣೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ರವಿಕೆ ಬಿಚ್ಚಿ ಮಲಗಿ, ಕೈ ಎತ್ತುವ ಸರದಿ ಅವಳದಾಗಿತ್ತು. ತಣ್ಣನೆಯ ಜೆಲ್ ಎದೆಯ ಮೇಲೆ ಬಿದ್ದಾಗ ನಗು ಅಲ್ಲೇ ಇಂಗಿತು.

ಹೋದ ವಾರ ಎಂಆರ್‌ಐ ಆಗಿತ್ತು. ಬೋರಲು ಮಲಗಿಸಿ, ಮಿಸುಕಾಡಬೇಡಿ ಎಂದು ಅರ್ಧ ಗಂಟೆ ಆ ಗಡಗಡ ಸದ್ದಿನೊಳಗೆ ಇಟ್ಟಿದ್ದರು. ಬಲ ಎದೆಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಚುಕ್ಕೆಯೊಂದು ಕಂಡಿತ್ತು. ಅದು ಏನೆಂದು ಮಾತ್ರ ಗೊತ್ತಾಗಿರಲಿಲ್ಲ. ಈಗ ಅದನ್ನೇ ಅಲ್ಟ್ರಾಸೌಂಡಿನಲ್ಲಿ ಮತ್ತೆ ಹುಡುಕಬೇಕು. ಸಿಕ್ಕರೆ ಇಲ್ಲೇ ಸೂಜಿ ಹಾಕಿ, ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸಿಗದಿದ್ದರೆ ಬೆಂಗಳೂರಿಗೆ ಹೋಗಿ ಎಂಆರ್‌ಐ ಯಂತ್ರದಲ್ಲೇ ಸೂಜಿ ಹಾಕಿಸಿಕೊಳ್ಳಬೇಕು. ಅದು ಎರಡು ದಿನದ ಕೆಲಸ, ಮನೆಯವರು ಜೊತೆಗಿರಬೇಕು.

ಮನೆಯವರಿಗೆ ಗೊತ್ತಾಗಬಾರದು ಎಂಬುದೇ ಪ್ರೇಮಲತಾಳ ಹಟ. ಅಕ್ಕ ಉಚ್ಚೆಂಗೆಮ್ಮ ಎದೆಯ ಕ್ಯಾನ್ಸರಿನಲ್ಲಿ ಹೋಗಿ ಆರು ವರ್ಷ. ಈಗ ಅಣ್ಣ ಹಾಲೇಶಪ್ಪನ ಮಗಳು ಸಹನಾಳಿಗೆ ಆವರಗೆರೆಯ ಸಂಬಂಧ ಕೂಡಿಬಂದಿತ್ತು. ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, “ಆ ಕಾಯಿಲೆ ನಿಮ್ಮ ಮನೆತನದಾಗೆ ಇನ್ಯಾರಿಗಾದ್ರೂ ಐತೇನ್ರಿ?” ಎಂದು ಕೇಳಿದ್ದಳು. ಎಲ್ಲರಿಗಿಂತ ಮೊದಲು “ಯಾರಿಗೂ ಇಲ್ರಿ” ಎಂದವಳು ಪ್ರೇಮಲತಾಳೇ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅದಕ್ಕೇ ಲೈನಿಂಗ್ ಬಟ್ಟೆ ತರುವ ನೆಪ ಮಾಡಿ, ಬಣ್ಣ ಹೊಂದಿಸಲೆಂದು ನಾಲ್ಕು ಬ್ಲೌಸ್ ಪೀಸು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳಿಗೆ ಒಬ್ಬಳೇ ಓಡಾಡುವುದು ಹೊಸದೇನಲ್ಲ.

ನಿಖತ್ ಒಮ್ಮೆ ಎಂಆರ್‌ಐ ಚಿತ್ರ, ಒಮ್ಮೆ ಎದುರಿನ ಪರದೆ ನೋಡುತ್ತ ಹುಡುಕಿದರು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು.

“ಸಿಗ್ತಾ ಇಲ್ಲ ನೋಡ್ರಿ,” ಅಂದರು.

ಪ್ರೇಮಲತಾ ಸೂರು ನೋಡುತ್ತಲೇ ಮೆಲ್ಲಗೆ ಅಂದಳು: “ಮೇಡಂ, ಬೋರಲು ಮಲಗಿದ್ದಾಗ ಇದ್ದದ್ದು ಅಂಗಾತ ಮಲಗಿದ್ರೆ ಅಲ್ಲೇ ಇರಲ್ಲ ಅಲ್ರೀ? ನಿಂತಾಗ ತಗಂಡ ಅಳತೆ ಕುಂತಾಗ ಸರಿಬರಲ್ಲ. ಕಂಕುಳ ಕಡೆ ಜಾರಿರ್ತೈತೆ.”

“ಹೌದ್ರಿ, ನಾನೂ ಅದನ್ನೇ ಅಂದಾಜು ಮಾಡ್ತಿದೀನಿ. ನಿಮಗೆ ಹೆಂಗೆ ಗೊತ್ತಾತು?”

“ನಾನು ಬ್ಲೌಸ್ ಹೊಲಿಯೋಳ್ರೀ.”

ನಿಖತ್ ನಕ್ಕು, ಬೆನ್ನಿಗೆ ದಿಂಬು ಕೊಟ್ಟು ಅವಳನ್ನು ಎಡಮಗ್ಗುಲಿಗೆ ಓರೆಯಾಗಿ ಮಲಗಿಸಿದರು. ಮತ್ತೆ ಜೆಲ್, ಮತ್ತೆ ಹುಡುಕಾಟ. ಕಂಕುಳ ಕಡೆಗೆ ಎರಡು ಬೆರಳು ಸರಿದಲ್ಲಿ ಅವರ ಕೈ ನಿಂತಿತು. “ಹಾಂ, ಸಿಕ್ತು.”

ಪ್ರೇಮಲತಾ ಹಿಗ್ಗಿದಳು. ಮರುಕ್ಷಣವೇ ತನ್ನ ಹಿಗ್ಗಿಗೆ ತಾನೇ ಬೆಚ್ಚಿದಳು. ಸಿಕ್ಕಿದ್ದು ಕಳೆದುಹೋದ ಮೂಗುತಿಯೇನಲ್ಲವಲ್ಲ.

ಸೂಜಿ ಹಾಕುವ ಮೊದಲು ನರ್ಸ್ ಒಂದು ಫಾರಂ ತಂದಳು. ಕೊನೆಯಲ್ಲಿ ಮೂರು ಸಾಲು ಖಾಲಿ: ಜೊತೆಗೆ ಬಂದವರು, ಸಂಬಂಧ, ಫೋನ್ ನಂಬರ್. “ಒಬ್ಬಳೇ ಬಂದೀನಿ” ಎಂದರೆ ನರ್ಸ್ ಒಪ್ಪಲಿಲ್ಲ. “ಯಾರನ್ನಾದ್ರೂ ಕರೀರಿ. ಇಲ್ಲಾಂದ್ರೆ ಇನ್ನೊಂದಿನ ಬರ್ರಿ.”

ಆರು ವರ್ಷದ ಹಿಂದೆ ಇಂಥದೇ ಸಾಲಿನಲ್ಲಿ ಪ್ರೇಮಲತಾ ತನ್ನ ಹೆಸರು ಬರೆದು, ಪಕ್ಕದಲ್ಲಿ ತಂಗಿ ಎಂದು ಬರೆದಿದ್ದಳು. ಅಕ್ಕನಿಗೆ ನಾನಿದ್ದೆ, ನನಗೆ ಯಾರು? ರವಿಕೆ ತೊಟ್ಟು, ಫಾರಂ ಹಿಡಿದು ಹೊರಗೆ ಬಂದರೆ ಕಾಯುವ ಕೋಣೆಯ ತುಂಬ ಇಬ್ಬಿಬ್ಬರು, ಮೂವರು ಮೂವರು ಕುಂತಿದ್ದರು. ಇಷ್ಟು ಜನರ ನಡುವೆ ಒಂದು ಸಹಿಗೆ ಗತಿಯಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

“ಯಾಕಮ್ಮ, ಏನಾತು?” ಅಂದಳು ಬಾಗಿಲ ಬಳಿಯ ಕುರ್ಚಿಯ ಮುದುಕಿ. ಹಜೀರಾಬೀ ಎಂದು ಹೆಸರು, ಬಸುರಿ ಸೊಸೆಯನ್ನು ಸ್ಕ್ಯಾನಿಂಗಿಗೆ ಕರೆತಂದಿದ್ದಳು. ಪ್ರೇಮಲತಾ ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿ, ಹೆಬ್ಬೆರಳು ಮುಂದೆ ಚಾಚಿದಳು. “ನನಗೆ ಬರಿಯಾಕೆ ಬರಲ್ಲ, ಹೆಬ್ಬೆಟ್ಟು ಒತ್ತುತೀನಿ. ನಾನು ನಿಂಗೆ ಏನಾಗ್ಬೇಕು ಅಂತ ಬರೀತಿ?”

ಪ್ರೇಮಲತಾ ಮೊದಲ ಸಾಲಿನಲ್ಲಿ ಹಜೀರಾಬೀ ಎಂದು ಬರೆದಳು. ಆಮೇಲೆ ಸಂಬಂಧದ ಎದುರಿಗೆ ಅಕ್ಕ ಎಂದು ಬರೆದಳು. ಅಂಗಡಿಗೆ ಬಂದವರ ಕೈಯಲ್ಲೆಲ್ಲ ತನ್ನ ಮೊಬೈಲು ಓಡಾಡುತ್ತದೆಂದು ಫೋನ್ ನಂಬರಿನ ಜಾಗದಲ್ಲೂ ಹಜೀರಾಬೀಯದನ್ನೇ ಹಾಕಿದಳು.

“ನಂಗೂ ಒಂದು ಮಿಸ್ ಕಾಲ್ ಕೊಟ್ಟಿರು. ಹೆಬ್ಬೆಟ್ಟು ಒತ್ತಿದ ಮ್ಯಾಲೆ ಹೊಣೆ ಅಲ್ವಾ?” ಅಂದಳು ಹಜೀರಾಬೀ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕಿದರು. ರವಿಕೆಗೆ ಟಿಚ್ ಬಟನ್ ಒತ್ತಿದಂತೆ ಟಕ್ ಎಂದು ಸದ್ದು, ನಾಲ್ಕು ಸಲ. ಪಟ್ಟಿ ಅಂಟಿಸಿ, ಶುಕ್ರವಾರ ರಿಪೋರ್ಟಿಗೆ ಬನ್ನಿ ಎಂದು ಚೀಟಿ ಕೊಟ್ಟರು. ಹೊರಗೆ ಬಂದಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ಬೇರೆ ಯಾರೋ ಕುಂತಿದ್ದರು. ಬರಿಗೈಯಲ್ಲಿ ಹೋದರೆ ಮನೆಯಲ್ಲಿ ಕೇಳುತ್ತಾರೆಂದು ಲೈನಿಂಗ್ ಬಟ್ಟೆ ಕೊಂಡಳು. ಬಲಗೈ ಎತ್ತಲಾಗದೆ, ಎಡಗೈಯಲ್ಲೇ ಬಿಸಿಲಿಗೆ ಹಿಡಿದು ಬಣ್ಣ ನೋಡಿದಳು.

ಶುಕ್ರವಾರ ಬಂತು, ಹೋಯಿತು. ಹೋಗದಿದ್ದರೆ ಕಾಯಿಲೆ ಇಲ್ಲ, ಹೋದರೆ ಇದೆ ಎಂಬಂಥ ಹುಚ್ಚು ಲೆಕ್ಕ ಅವಳದು. ರಾಶಿ ಹೊಲಿಗೆ ಇದೆ ಎಂದು ತನಗೇ ಹೇಳಿಕೊಂಡಳು. ತಂದ ಬಟ್ಟೆ ಕೈಚೀಲದಲ್ಲೇ ಉಳಿಯಿತು. “ಅತ್ತೆ, ಊಟಕ್ಕೆ ಬಾ” ಎಂದು ಸಹನಾ ಕರೆದಾಗಲೆಲ್ಲ ಹಸಿವಿಲ್ಲ ಎನ್ನುತ್ತಿದ್ದಳು.

ಸೋಮವಾರ ಮಧ್ಯಾಹ್ನ ಸಹನಾಳ ನಿಶ್ಚಿತಾರ್ಥದ ರವಿಕೆಗೆ ತೋಳು ಕೂಡಿಸುತ್ತಿದ್ದಾಗ ಮೇಜಿನ ಮೇಲಿದ್ದ ಮೊಬೈಲು ಬಡಿದುಕೊಂಡಿತು. ಅಲ್ಲೇ ನಿಂತು ನೋಡುತ್ತಿದ್ದ ಸಹನಾ ಎತ್ತಿದಳು. ಕೇಳುತ್ತ ಕೇಳುತ್ತ ಅವಳ ಮುಖ ಒಂಥರಾ ಆಯಿತು.

“ಅತ್ತೆ, ಅದ್ಯಾವುದೋ ರಿಪೋರ್ಟ್ ಅಂತಾರೆ. ಯಾರೋ ನಿನ್ನ ಅಕ್ಕ ಅಂತೆ.”

ಮಿಷನ್ ನಿಂತಿತು. ಪ್ರೇಮಲತಾ ಮೊಬೈಲು ಕಿವಿಗಿಟ್ಟಳು.

“ತಂಗೀ, ನಾನಮ್ಮ, ಹಜೀರಾಬೀ,” ಎಂದಿತು ಆಚೆಯ ದನಿ. “ಸೆಂಟರ್‌ನೋರು ನಂಗೆ ಫೋನ್ ಮಾಡಿದ್ರು. ನಿಮ್ ತಂಗಿ ರಿಪೋರ್ಟ್ ಒಯ್ದಿಲ್ಲ, ಕರ್ಕಂಡು ಬರ್ರಿ ಅಂದ್ರು. ಏನೈತೆ ಅಂತ ಕೇಳಿದ್ರೆ ಫೋನಿನಾಗೆ ಹೇಳಲ್ಲಂತೆ. ಯಾಕ ಹೋಗಿಲ್ಲ ನೀನು? ಅಂಜಿಕೆ ಆತಾ? ನಾಳೆ ಹನ್ನೊಂದಕ್ಕೆ ದಾವಣಗೆರೆ ಬಸ್ ಸ್ಟ್ಯಾಂಡಿನಾಗೆ ನಿಂತಿರ್ತೀನಿ. ಬರ್ತೀಯಲ್ಲ?”

ಪ್ರೇಮಲತಾ ಸಹನಾಳ ಕಡೆ ನೋಡಿದಳು. ಹುಡುಗಿ ಅಲ್ಲಿಂದ ಕದಲಲಿಲ್ಲ.

“ಬರ್ತೀನಿ ಅಕ್ಕಾ,” ಅಂದಳು. ಅಕ್ಕಾ ಎಂಬ ಮಾತು ಅವಳ ಬಾಯಲ್ಲಿ ಬಂದು ಆರು ವರ್ಷವಾಗಿತ್ತು.

ಸಹನಾ ಗೂಟಕ್ಕೆ ನೇತುಹಾಕಿದ್ದ ಕೈಚೀಲ ಇಳಿಸಿ, ಲೈನಿಂಗ್ ಬಟ್ಟೆಯನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ತಳದಲ್ಲಿ ಸೆಂಟರಿನ ಚೀಟಿ ಇತ್ತು. ಅದನ್ನು ಬಿಚ್ಚಿ ಓದಿದಳು. ಮತ್ತೆ ಹಾಗೇ ಮಡಚಿ, ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೆ ಕತ್ತರಿ ಇಟ್ಟು, ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಬಂದು ಕುಂತಳು.