ಅಂಗೈ ಮೀಟರು

“ಲೋ ಬೋಳಿಮಗನೇ, ಇದು ಕಪ್ಪೇನೋ? ಒಂದ್ ಭಟ್ಟಿ ಇದ್ದಂಗೆ ಇನ್ನೊಂದ್ ಭಟ್ಟಿ ಇರಲ್ವಲ್ಲೋ! ಹೋದ್ಸಲ ಚೆನ್ನಾಗಿತ್ತು, ಈ ಸಲ ಎಲ್ಲಾ ಸೀಳು!”

ಸೂಪರ್‌ವೈಸರ್ ಉದಯಕುಮಾರ ಎಸೆದ ಪಿಂಗಾಣಿ ಕಪ್ಪು ಚೆನ್ನರಾಯಪ್ಪನ ಮೊಣಕಾಲಿಗೆ ಬಡಿದು ಎರಡು ಹೋಳಾಯಿತು. ಚೆನ್ನರಾಯಪ್ಪ ಬಗ್ಗಿ ಹೋಳುಗಳನ್ನು ಎತ್ತಿಕೊಂಡ. ಬೈಗುಳ ಕಿವಿಯ ತನಕ ಬಂದು ಅಲ್ಲೇ ನಿಂತಿತು. ಹದಿನಾಲ್ಕು ವರ್ಷದಿಂದ ಇದೇ ಭಟ್ಟಿ, ಇದೇ ಬೈಗುಳ. ಒಳಗೆ ಇಳಿಯುವುದಾದರೂ ಎಲ್ಲಿಗೆ?

“ಒಳಗಡೆ ಇನ್ನಾ ಬಿಸಿ ಇತ್ತು ಸಾರ್. ಬಾಗ್ಲು ಕಿತ್ತೇಟ್ಗೆ ತಣ್ಣನೆ ಗಾಳಿ ಹೊಡೀತು, ಸೀಳ್ತು.”

“ಆರೈತೆ ಅಂತ ಕೈ ಇಟ್ಟು ಹೇಳಿದ್ ಯಾರೋ? ನಿಮ್ಮಪ್ಪನಾ?”

ಹೇಳಿದ್ದು ಚೆನ್ನರಾಯಪ್ಪನೇ. ಕುಡುಮಲಕುಂಟೆಯ ಆ ಪಿಂಗಾಣಿ ಕಾರ್ಖಾನೆಯಲ್ಲಿ ಭಟ್ಟಿಯ ಶಾಖ ತೋರಿಸುವ ಮೀಟರು ಕೆಟ್ಟು ಎರಡು ಯುಗಾದಿ ಕಳೆದಿದ್ದವು. ಹೊಸದು ತರಿಸಿ ಎಂದರೆ ಮಾಲೀಕ ಮುರಳಿಮೋಹನ್ ನಗುತ್ತಿದ್ದ. “ಚೆನ್ನರಾಯನ ಅಂಗೈ ಇರೋವಾಗ ಮೀಟ್ರು ಯಾತಕ್ಕಯ್ಯಾ?” ಎನ್ನುತ್ತಿದ್ದ. ಉರಿ ನಿಲ್ಲಿಸಿದ ಮೂರನೆಯ ದಿನ ಚೆನ್ನರಾಯಪ್ಪ ಭಟ್ಟಿಯ ಬಾಗಿಲಿಗೆ ಕಟ್ಟಿದ ಇಟ್ಟಿಗೆಯ ಮೇಲೆ ಅಂಗೈ ಊರಬೇಕು. ಹತ್ತು ಎಣಿಸುವ ತನಕ ಕೈ ನಿಂತರೆ ಆರಿದೆ ಎಂದರ್ಥ. ಆಮೇಲೆ ಇಟ್ಟಿಗೆ ಕಿತ್ತು, ಒದ್ದೆ ಗೋಣಿ ಹೊದ್ದು, ಒಳಗೆ ಹೊಕ್ಕು ಕಪ್ಪು ಇಳಿಸುವವಳು ಅವನ ಹೆಂಡತಿ ಲಕ್ಷ್ಮೀನರಸಮ್ಮ.

ಆ ಅಂಗೈ ಸತ್ತು ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. ಅವನಿಗೆ ತಿಳಿದದ್ದು ಹೋದ ತಿಂಗಳು. ಕುದಿಯುವ ಎಸರಿನ ಪಾತ್ರೆಯನ್ನು ಬರಿಗೈಲಿ ಇಳಿಸಿ, ಹಾಗೇ ಹಿಡಿದುಕೊಂಡು ಮಾತಾಡುತ್ತ ನಿಂತಿದ್ದ.

“ಅಯ್ಯೋ ನಿನ್ ಕೈ ಸೇದೋಗ! ಸುಡ್ತಿಲ್ವಾ?” ಲಕ್ಷ್ಮೀನರಸಮ್ಮ ಕಿರುಚಿಕೊಂಡಳು.

“ಇಲ್ವಲ್ಲೇ.”

ಇಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಇಬ್ಬರ ಕೆಲಸವೂ ಹೋಗುತ್ತದೆ. ಅಲ್ಲಿಂದಾಚೆಗೆ ಅವನು ಇಟ್ಟಿಗೆಯ ಮೇಲೆ ಸುಮ್ಮನೆ ಕೈ ಇಟ್ಟು, ಅಂದಾಜಿನ ಮೇಲೆ ಹೇಳತೊಡಗಿದ. ಈ ಸಲ ಅಂದಾಜು ತಪ್ಪಿತು. ಲಕ್ಷ್ಮೀನರಸಮ್ಮ ರೆಪ್ಪೆ ಕೂದಲು ಸೀದು, ಮೊಣಕೈ ತನಕ ಬೊಕ್ಕೆ ಎದ್ದು ಹೊರಗೆ ಬಂದಳು. ಉದಯಕುಮಾರ ಸೀಳಿದ ಕಪ್ಪುಗಳನ್ನು ಮಾತ್ರ ಎಣಿಸಿಕೊಂಡ.

ಮುಂದಿನ ಭಟ್ಟಿಯ ಉರಿ ನಿಲ್ಲಿಸಿ ಒಂದೇ ದಿನವಾಗಿತ್ತು. ಮಧ್ಯಾಹ್ನ ಮುರಳಿಮೋಹನ್ ಮೊಬೈಲು ಕಿವಿಗೆ ಒತ್ತಿಕೊಂಡೇ ಬಂದ. ಹೋಟೆಲಿನವರ ಲಾರಿ ಗೇಟಿನಲ್ಲಿ ನಿಂತಿತ್ತು.

“ಬಾಗ್ಲು ಕೀಳ್ರೋ.”

“ನಾಳಿದ್ದು ಸಾಮಿ. ಇನ್ನಾ ಆರಿಲ್ಲ.”

“ಕೈ ಇಡೋ, ನೋಡಣ.”

ಚೆನ್ನರಾಯಪ್ಪ ಇಟ್ಟ. ಮುರಳಿಮೋಹನ್ ಎಣಿಸಿದ. ಕೈಗೆ ಏನೂ ತಿಳಿಯಲಿಲ್ಲ. ಸುಟ್ಟ ತೊಗಲಿನ ವಾಸನೆ ಮಾತ್ರ ಮೂಗಿಗೆ ಬಂತು.

“ಹತ್ತಾಯ್ತು, ಅಲ್ಲಾಡ್ಲಿಲ್ಲ ನೋಡು ಕೈ! ಆರೋಗೈತೆ, ಸುಳ್ಳು ಬೊಗಳ್ತಾನೆ. ಹೋಗಮ್ಮಾ, ಕೀಳು ಇಟ್ಗೆ.”

ಲಕ್ಷ್ಮೀನರಸಮ್ಮ ಬಟ್ಟೆ ಸುತ್ತಿದ ಕೈಯಲ್ಲಿ ಹಾರೆ ಹಿಡಿದು ಮುಂದೆ ಬಂದಳು. ಗಂಡನ ಕೈ ನೋಡಿದಳು. “ಚೆಯ್ಯಿ ತೀಯಿ,” ಎಂದಳು ಮನೆಯ ತೆಲುಗಿನಲ್ಲಿ. ಅವನು ಕೈ ತೆಗೆದ. ಅಂಗೈಯ ತೊಗಲು ಇಟ್ಟಿಗೆಗೇ ಅಂಟಿಕೊಂಡು ಉಳಿಯಿತು.

“ಈ ಕೈ ಸತ್ತೋಗೈತೆ ಸಾಮಿ. ಇದಕ್ಕೆ ಏನೂ ಗೊತ್ತಾಗಲ್ಲ. ಅವಳ್ನ ಕಳಿಸ್ಬೇಡಿ.”

“ಒಳಗ್ ಹೋಗೋಳು ಅವ್ಳು, ನಿಂಗೇನೋ ಉರಿ, ಸೂಳೆಮಗನೆ? ಆರೈತೆ ಅಂದ್ರೆ ಆರೈತೆ!”

ಚೆನ್ನರಾಯಪ್ಪನಿಗೆ ಸಿಟ್ಟು ಬಂತೇ? ಅದೂ ಬರಲಿಲ್ಲ. ಮಾಲೀಕನ ಮಣಿಕಟ್ಟು ಹಿಡಿದ, ಉಂಗುರದ ಆ ಮೆತ್ತನೆ ಅಂಗೈಯನ್ನು ಇಟ್ಟಿಗೆಯ ಮೇಲೆ ಊರಿ, ಅದರ ಮೇಲೆ ತನ್ನ ಕೈ ಅದುಮಿದ.

“ನೀವೇ ನೋಡಿ ಹೇಳಿ ಸಾಮಿ.”

“ಅಮ್ಮಾ! ಬಿಡೋ! ಆರಿಲ್ಲ, ಆರಿಲ್ಲ ಕಣೋ!”

ಉದಯಕುಮಾರ ಓಡಿಬಂದು ಚೆನ್ನರಾಯಪ್ಪನ ಬೆನ್ನಿಗೆ ಗುದ್ದಿದ, ಸೊಂಟಕ್ಕೆ ಒದ್ದ. ಚೆನ್ನರಾಯಪ್ಪ ಕೈ ಸಡಿಲಿಸಲಿಲ್ಲ. ಲಕ್ಷ್ಮೀನರಸಮ್ಮ ಹಾರೆ ಕೆಳಗಿಟ್ಟು, ಬಾಗಿಲಿಗೆ ಅಡ್ಡವಾಗಿ ಗೋಣಿ ಹಾಸಿ ಕೂತಳು.

“ಕೇಳಿಸ್ತಾ ಸಾರ್? ಆರಿಲ್ವಂತೆ,” ಎಂದಳು ಉದಯಕುಮಾರನಿಗೆ.