ಅಣ್ಣನ ಸಿಳ್ಳೆ

ಹಲ್ಲು ಮೇಷ್ಟ್ರು ಯಾರನ್ನೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿದವರಲ್ಲ. ಅವರ ದೃಷ್ಟಿ ನೇರ ಎದುರಿನವರ ಬಾಯಿಗೆ ಇಳಿಯುತ್ತಿತ್ತು. ನಲವತ್ತು ವರ್ಷ ಕಟ್ಟುಹಲ್ಲಿನ ಸೆಟ್ಟು ಮಾಡಿದ ಅವರಿಗೆ ಮುಖವೆಂದರೆ ಹಲ್ಲುಗಳ ಸುತ್ತಲಿನ ಚೌಕಟ್ಟು, ಅಷ್ಟೆ. ನಡೆಯುವಾಗ ಗೋಡೆ ಸವರಿಕೊಂಡೇ ನಡೆಯುವರು. ಬಿಳಿ ಕೋಟಿನ ತೋಳಿನಿಂದ ಹಲ್ಲಿನ ಅಚ್ಚಿನ ಪುಡಿ ಉದುರುವುದು. ಯಾವ ದೂರನ್ನಾದರೂ ‘ಇರಲಿ ಬಿಡಿ’ ಎಂದು ಶುರುಮಾಡಿ, ಬಿಡದೆ ಅರ್ಧ ಗಂಟೆ ಹೇಳುವರು.

ಅವರ ದೊಡ್ಡ ದೂರು ಬೀದಿಯ ಮೇಲೆ. ಆ ಬೀದಿಗೆ ಕುಣಿಯಲು ನೆಪವೊಂದು ಸಾಕು. ಕೇರಿಯ ತಂಡ ಪಂದ್ಯ ಗೆದ್ದರೆ ಡೋಲು, ಸೋತರೆ ಸಮಾಧಾನಕ್ಕೆ ಡೋಲು. ಯಾರಿಗೋ ಬಡ್ತಿ, ಯಾರ ಮನೆಯಲ್ಲೋ ಮಗು ಎಂದರೆ ಬೀದಿಯ ಎರಡೂ ತುದಿಗೆ ಬೆಂಚು ಅಡ್ಡವಿಟ್ಟು ಇಡೀ ಮಧ್ಯಾಹ್ನ ಗದ್ದಲ. ಅದರ ನಟ್ಟನಡುವೆ ಮೇಷ್ಟ್ರ ಸ್ವಂತ ಅಣ್ಣ, ನಿವೃತ್ತ ಬಸ್ ಕಂಡಕ್ಟರ್. ಅವನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕದೆ ಡೋಲಿನವನು ಕೈ ಎತ್ತುತ್ತಿರಲಿಲ್ಲ. ಮಹಡಿಯ ಕಿಟಕಿಯಿಂದ ಮೇಷ್ಟ್ರು ಎಣಿಸುತ್ತಿದ್ದರು: ನಗುತ್ತಿರುವ ಬಾಯಿಗಳಲ್ಲಿ ಒಂಬತ್ತು ತಮ್ಮ ಕೈಯವು. ತಾವು ಮಾಡಿದ ಹಲ್ಲುಗಳೆಲ್ಲ ಅಣ್ಣನನ್ನು ನೋಡಿ ನಗುತ್ತಿದ್ದವು.

“ಅವನೇನು ಮಹಾ, ಊದ್ತಾನೆ ಅಷ್ಟೆ.”

“ನೀವೂ ಊದಿ, ಯಾರು ಬೇಡ ಅಂದ್ರು?” ಎನ್ನುತ್ತ ಹೆಂಡತಿ ಮೆಟ್ಟಿಲಿಳಿದು ಕುಣಿಯಲು ಹೋಗುವಳು.

ಬೀದಿಗೆ ಐವತ್ತು ತುಂಬುವ ವರ್ಷ ಅಣ್ಣನ ಮೇಲಿನ ಮುಂಬಲ್ಲುಗಳು ಉದುರಿದವು. ತಮ್ಮನ ಕುರ್ಚಿಯಲ್ಲಿ ಬಂದು ಕುಳಿತ. “ಲೋ, ಭಾನುವಾರ ಬೀದಿಯ ಐವತ್ತರ ಹಬ್ಬ, ಅದರೊಳಗೆ ಬೇಕು ಕಣೋ. ಸಿಳ್ಳೆ ಬರೋ ಹಾಗೆ ಮಾಡ್ಕೊಡು. ನಗೋದಕ್ಕೇನು, ಬೊಚ್ಚು ಬಾಯಲ್ಲೂ ನಗ್ತೀನಿ.”

“ಬಾಯಿ ಅಲ್ಲಾಡಿಸ್ಬೇಡ, ಅಚ್ಚು ಕೆಡುತ್ತೆ,” ಎಂದರು ಮೇಷ್ಟ್ರು. ಅಣ್ಣ ಅವರೆದುರು ಸುಮ್ಮನೆ ಕುಳಿತದ್ದು ಅದೇ ಮೊದಲು.

ಮೇಣದಲ್ಲಿ ಹಲ್ಲುಗಳನ್ನು ಕೂರಿಸಿದಾಗ ಸೆಟ್ಟು ಲೋಪವಿಲ್ಲದೆ ಬಂದಿತ್ತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಚಾಕು ಬಿಸಿಮಾಡಿ, ನಡುವಿನ ಎರಡು ಹಲ್ಲುಗಳನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿದರು. ಊಟಕ್ಕೆ ಅಡ್ಡಿಯಿಲ್ಲ, ನೋಟಕ್ಕೂ ಕುಂದಿಲ್ಲ. ಸಿಳ್ಳೆ ಮಾತ್ರ ಹೋಯಿತು. ಭಾನುವಾರ ಬೆಳಿಗ್ಗೆ ಸೆಟ್ಟು ತೊಡಿಸಿ, “ಮಧ್ಯಾಹ್ನದವರೆಗೆ ಊದ್ಬೇಡ, ಒಸಡಿಗೆ ಒಗ್ಗಲಿ,” ಎಂದು ಕಳಿಸಿದರು.

ಮಧ್ಯಾಹ್ನ ಬೀದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಅಣ್ಣ ಬೆರಳಿಟ್ಟು ಊದಿದ. ‘ಫುಸ್ಸ್’ ಎಂದಿತು, ಪಂಕ್ಚರ್ ಆದ ಟ್ಯೂಬಿನಂತೆ. ಕಿಟಕಿಯಲ್ಲಿ ಮೇಷ್ಟ್ರಿಗೆ ಮೈಯೆಲ್ಲ ಹಗುರಾಯಿತು. ಒಂದೇ ಗಳಿಗೆ. ಎದುರಿನ ಕ್ಷೌರಿಕ ತಾನೂ ಬೆರಳಿಟ್ಟು ‘ಫುಸ್ಸ್’ ಎಂದ. ಡೋಲಿನವನ ಅಜ್ಜಿ ‘ಫುಸ್ಸ್’ ಎಂದಳು. ಬೀದಿಗೆ ಬೀದಿಯೇ ‘ಫುಸ್ಸ್’ ಎನ್ನುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡೋಲು ಅದಕ್ಕೇ ತಾಳ ಹಿಡಿಯಿತು. ಅಂಥ ಕುಣಿತವನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

ಕಣ್ಣೀರು ಒರೆಸಿಕೊಳ್ಳುತ್ತ ಅಣ್ಣ ತಲೆಯೆತ್ತಿದ. “ಲೋ ತಮ್ಮಾ! ನಿನ್ನ ಕೈಗುಣ ನೋಡೋ! ಆ ಹಳೇ ಸಿಳ್ಳೆ ಯಾರಿಗೆ ಬೇಕು? ಇಳಿದು ಬಾರೋ, ಇವತ್ತಿನ ಕುಣಿತ ನಿಂದು!”

ಎಲ್ಲ ಮುಖಗಳೂ ಮೇಲಕ್ಕೆ ತಿರುಗಿದವು. ಹುಟ್ಟಿದಾಗಿನಿಂದ ಕಾದಿದ್ದ ಕರೆ ಅದು. ಅಣ್ಣನ ಮುಖದಲ್ಲಿ ಒಂದೆಳೆ ಅನುಮಾನವಾದರೂ ಇದ್ದಿದ್ದರೆ ಮೇಷ್ಟ್ರು ಇಳಿದು ಹೋಗಿ ಜಗಳವಾಡಿಯಾದರೂ ಆ ಗುಂಪು ಸೇರುತ್ತಿದ್ದರೇನೋ. ಅನುಮಾನ ಇರಲಿಲ್ಲ. ಅವರು ಮೇಜಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಏನನ್ನೋ ಹುಡುಕತೊಡಗಿದರು.

ಅಂಥವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಸಂಭ್ರಮದಲ್ಲಿ ಅವರಿಗೆ ಪಾಲು ಸಿಗಲಿಲ್ಲವೆಂದು ನಾವು ಮರುಗುತ್ತೇವೆ. ಪಾಲು ಸಿಗುತ್ತದೆ, ಯಾರ ಮೇಲೆ ಕರುಬುತ್ತಾರೋ ಅವರ ಕೈಯಿಂದಲೇ, ಧಾರಾಳವಾಗಿ. ಅದನ್ನು ಪಡೆಯಲು ಕೈ ಚಾಚಬೇಕು, ಮತ್ತು ಆ ಕೈ ಏನು ಮಾಡಿದೆಯೆಂಬುದು ಅವರೊಬ್ಬರಿಗೇ ಗೊತ್ತಿರುತ್ತದೆ.