ವಿಶಾಲಮ್ಮನ ಎಡಗೈ

ನಮ್ಮ ಅತ್ತೆ ವಿಶಾಲಮ್ಮನವರು ಉಣ್ಣುವುದನ್ನೇ ಬಿಟ್ಟುಬಿಟ್ಟರು. ತಟ್ಟೆ ಮುಂದಿಟ್ಟರೆ ಒಂದು ಗಳಿಗೆ ನೋಡುವುದು, ಸೆರಗಿನೊಳಗೆ ಕೈಹಾಕಿ ಎದೆಯ ಮೇಲೆ ತಡಕಾಡುವುದು, ಆಮೇಲೆ ತಟ್ಟೆಯನ್ನು ಆಚೆ ತಳ್ಳುವುದು. ಬಲವಂತವಾಗಿ ಬಾಯಿಗಿಟ್ಟ ಅಂಬಲಿಯನ್ನು ನನ್ನ ಸೀರೆಗೇ ಉಗಿದರು. ನಿದ್ದೆಗಣ್ಣಿನಲ್ಲಿ ಕುಡಿಸಿದ ಹಾಲೇ ಜೀವ ಹಿಡಿದಿತ್ತು. ನಾನೇನು ಶಾಂತಮೂರ್ತಿಯಲ್ಲ, ಪುಷ್ಪಲತಾಳ ಬಾಯಿ ಬೊಂಬಾಯಿ ಅಂತ ಅರಸೀಕೆರೆಯ ಕೊಬ್ಬರಿ ಮಂಡಿಗಳಿಗೆಲ್ಲ ಗೊತ್ತು. ಮೊದಲು ಬೈದೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಇದು ಆಲ್‌ಝೈಮರ್ಸ್ ಅಂತ ಗೊತ್ತಾದ ದಿನವೇ ಹಾಸನದ ಡಾಕ್ಟರು ಬಿಡಿಸಿ ಹೇಳಿದ್ದರು. ಹೊಸ ನೆನಪನ್ನು ಹಿಡಿದಿಡುವ ಮೆದುಳಿನ ಭಾಗ ಮೊದಲು ಸೊರಗುತ್ತದಂತೆ. ಅದಕ್ಕೇ ಬೆಳಿಗ್ಗೆ ಕುಡಿದ ಕಾಫಿ ಮರೆತುಹೋಗುತ್ತದೆ, ಮದುವೆಯ ದಿನದ ಮಳೆ ನೆನಪಿರುತ್ತದೆ. ಆಮೇಲೆ ಮುಖಗಳು ಹೋಗುತ್ತವೆ, ಮಾತು ಹೋಗುತ್ತದೆ. ಕೈಗೆ ರೂಢಿಯಾದ ಕೆಲಸ ಮಾತ್ರ ಮೆದುಳಿನ ಬೇರೆ ಕಡೆ ಇರುವುದರಿಂದ ಬಹಳ ಕಾಲ ಉಳಿಯುತ್ತದೆ ಅಂದಿದ್ದರು. ನಾನು ಕೋಲೆಬಸವನ ಹಾಗೆ ತಲೆಯಾಡಿಸಿ ಬಂದಿದ್ದೆ. ಈಗ ಫೋನ್ ಮಾಡಿದರೆ, "ಹೀಗೇ ಆದರೆ ಕರ್ಕೊಂಡು ಬನ್ನಿ, ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತೆ" ಅಂದರು. ನನ್ನ ಗಂಡ ರಾಜಶೇಖರ್ ಸೋಮವಾರಕ್ಕೆ ಕಾರು ಗೊತ್ತುಮಾಡಿದರು.

ಸೋಮವಾರ ಬೆಳಿಗ್ಗೆ ಮಾವ ಷಡಕ್ಷರಪ್ಪನವರು ಸ್ನಾನ ಮಾಡಿ ಪೂಜೆಗೆ ಕೂತರು. ಅವರು ತಮ್ಮ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರೆರೆಯುವ ಹೊತ್ತಿಗೆ, ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ತಾವೂ ಎಡಗೈ ಚಾಚಿದರು. ವಿಭೂತಿ ಕೇಳುತ್ತಿದ್ದಾಳೆಂದು ಮಾವ ಚೂರು ಹಾಕಿದರು. ಕೈ ಹಿಂದೆ ಹೋಗಲಿಲ್ಲ. ಇನ್ನೊಂದು ಕೈ ಸೆರಗಿನೊಳಗೆ ತಡಕಾಡುತ್ತಲೇ ಇತ್ತು.

ಆಗ ನನಗೆ ಹೊಳೆಯಿತು. ಅವರು ಹುಡುಕುತ್ತಿದ್ದದ್ದು ಲಿಂಗವನ್ನು! ಹೋದ ವಾರ ಅತ್ತೆ ಕೊರಳಿನ ಕರಡಿಗೆಯನ್ನು, ಒಳಗಿದ್ದ ಲಿಂಗದ ಸಮೇತ, ಬಿಚ್ಚಿ ಅಕ್ಕಿ ಡಬ್ಬಕ್ಕೆ ಹಾಕಿದ್ದರು. ಗಾಬರಿಬಿದ್ದ ಮಾವ ಅದನ್ನು ಬೀರುವಿನಲ್ಲಿ ಭದ್ರಮಾಡಿ, ಹೆಂಡತಿಯ ಪಾಲಿನ ಪೂಜೆಯನ್ನೂ ತಾವೇ ಮಾಡುತ್ತಿದ್ದರು. ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕದ ಹೆಂಗಸು ಅವರು. ಮರೆವಿನ ಕಾಯಿಲೆ ಅವರದು, ಮರೆತವರು ನಾವು.

"ಮಾವ, ಅತ್ತೆ ಲಿಂಗ ಕೊಡಿ" ಅಂದೆ.

"ಕಳೆದುಬುಟ್ರೆ ಏನವ್ವ ಗತಿ? ಪ್ರಾಣ ಕಣವ್ವ ಅದು."

"ಕಳೆದ್ರೆ ಮನೆಯೆಲ್ಲ ಗುಡಿಸಿ ಹುಡುಕಣ. ಅತ್ತೆನೇ ಕಳೆದೋದ್ರೆ ಎಲ್ಲಿ ಹುಡುಕ್ತೀರಿ?"

ಜೋರಾಗಿಯೇ ಅಂದುಬಿಟ್ಟೆ. ಮಾವನ ಕಣ್ಣು ತುಂಬಿತು. ಪೂಜೆ ಮುಗಿಸಿದವರೇ ಹೋಗಿ ಬೀರು ತೆಗೆದರು.

ಕರಡಿಗೆ ಕೈಗೆ ಬಂದದ್ದೇ ತಡ, ಮಗನ ಹೆಸರನ್ನೇ ಮರೆತಿದ್ದ ಅತ್ತೆ ಮುಚ್ಚಳ ತೆಗೆದು ಲಿಂಗವನ್ನು ಅಂಗೈಗೆ ತಂದುಕೊಂಡರು. ನೀರೆರೆದರು, ವಿಭೂತಿ ಧರಿಸಿದರು, ಕಣಗಿಲೆ ಹೂವೇರಿಸಿದರು. ಯಾವುದೂ ಹಿಂದುಮುಂದಾಗಲಿಲ್ಲ. ತುಟಿ ಸಣ್ಣಗೆ ನಮಃ ಶಿವಾಯ ಅನ್ನುತ್ತಿತ್ತು. ಮುಗಿಸಿ, ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು, ಒಮ್ಮೆ ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದರು.

"ಹಸಿವಾಯ್ತೈತೆ ಕಣವ್ವ. ಏನೈತೆ?"

ಇಡ್ಲಿ ತಿಂದರು. ಚಟ್ನಿ ಸಪ್ಪೆ ಅಂತ ಬೈದರು ಕೂಡ. ಬಾಗಿಲಿಗೆ ಬಂದ ಕಾರನ್ನು ನನ್ನ ಗಂಡ ವಾಪಸ್ ಕಳಿಸಿದರು. ಕಾಯಿಲೆ ವಾಸಿಯಾಗುವುದಿಲ್ಲ, ಗೊತ್ತು. ಈ ಇಡ್ಲಿ ಮಧ್ಯಾಹ್ನಕ್ಕೆ ಅವರ ನೆನಪಿನಲ್ಲಿರುವುದಿಲ್ಲ. ಆದರೂ ಹೊಟ್ಟೆ ತುಂಬ ಸಂತೋಷವಾಯಿತು ನನಗೆ. ನಾನೂ ತಟ್ಟೆ ಹಾಕಿಕೊಂಡು ಪಕ್ಕದಲ್ಲಿ ಕೂತೆ.

ಅತ್ತೆ ನನ್ನ ಮುಖವನ್ನೇ ದಿಟ್ಟಿಸಿದರು. "ಯಾರ ಮನೆ ಮಗಳವ್ವ ನೀನು? ನಿನ್ ಪೂಜೆ ಆಯ್ತಾ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ನಾನು ಕರಡಿಗೆ ಬಿಚ್ಚಿಟ್ಟು ವರ್ಷಗಳೇ ಆಗಿದ್ದವು.

"ಇಲ್ಲ ಅತ್ತೆ."

"ಹಂಗಾರೆ ಏಳು. ಮಾಡ್ಕೊಂಡ್ ಬಾ. ನಾನ್ ಕಾಯ್ತೀನಿ."

ಎದ್ದೆ. ಕರಡಿಗೆಯನ್ನು ಎಲ್ಲಿಟ್ಟಿದ್ದೆನೆಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.